ಕಣ್ಣು ಕಾಣದವರ ನಡಿಗೆ ಗುಂಪುಗಳು: ಯಾರು ಶುರು ಮಾಡಿದರು, ಹೇಗೆ ಉಳಿದವು?

ಜಯನಗರದವನು

ಎಲ್ಲರಿಗೂ ನಮಸ್ಕಾರ. ನನಗೆ ರೆಟಿನೈಟಿಸ್ ಪಿಗ್ಮೆಂಟೋಸಾ ಇದೆ. ನೇರ ಎದುರಿನದು ಒಂದಿಷ್ಟು ಕಾಣುತ್ತದೆ, ಅಕ್ಕಪಕ್ಕದ್ದು ಕಾಣುವುದಿಲ್ಲ. ಕತ್ತಲಾದರೆ ಅದೂ ಇಲ್ಲ. ಪೂರ್ತಿ ಕಾಣದವರು, ನನ್ನ ಹಾಗೆ ಅರ್ಧಂಬರ್ಧ ಕಾಣುವವರು, ಎಲ್ಲ ಸೇರಿ ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕಿನಲ್ಲಿ ನಡೆಯುವ ಗುಂಪು ಕಟ್ಟೋಣ ಅಂತಿದ್ದೇವೆ.

ಸಹಾಯ ಕೇಳಿದ ಕಡೆಯೆಲ್ಲ ಒಂದೇ ಮಾತು ಬರುತ್ತಿದೆ. "ಒಂದು ದಿನ ವಾಕಥಾನ್ ಇಟ್ಟುಕೊಳ್ಳಿ. ಟೀ ಶರ್ಟು, ತಿಂಡಿ ನಾವು ನೋಡಿಕೊಳ್ಳುತ್ತೇವೆ." ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಮಾರನೇ ವಾರ ನಾವು ಮತ್ತೆ ಮನೆಯಲ್ಲೇ, ಅಲ್ವಾ? ನಮಗೆ ಬೇಕಾಗಿರುವುದು ವಾರ ವಾರ ನಡೆಯುವುದು. ಬೇರೆ ಊರು, ಬೇರೆ ದೇಶಗಳಲ್ಲಿ ಇಂಥ ಗುಂಪುಗಳು ಹೇಗೆ ಹುಟ್ಟಿದವು, ಹೇಗೆ ಉಳಿದವು? ಗೊತ್ತಿರುವವರು ದಯವಿಟ್ಟು ವಿವರವಾಗಿ ಬರೆಯಿರಿ. ಉದ್ದ ಆದರೂ ಪರವಾಗಿಲ್ಲ. ನನ್ನ ಫೋನ್ ಓದಿ ಹೇಳುತ್ತದೆ.

ಕ್ರಾಯ್ಡನ್ ಕನ್ನಡತಿ

ಇಲ್ಲಿ ಲಂಡನ್ನಿನಲ್ಲಿ ಇದರ ಬೇರು ಹುಡುಕಿದರೆ ಮೊದಲ ಮಹಾಯುದ್ಧದ ಕಾಲಕ್ಕೆ ಹೋಗಬೇಕಾಗುತ್ತದೆ. ಯುದ್ಧದಲ್ಲಿ ಕಣ್ಣು ಕಳೆದುಕೊಂಡು ಬಂದ ಹುಡುಗರಿಗಾಗಿ 1915ರಲ್ಲಿ ಸೇಂಟ್ ಡನ್‌ಸ್ಟನ್ಸ್ ಎಂಬ ಸಂಸ್ಥೆ ಶುರುವಾಯಿತು. ಕಟ್ಟಿದವರು ಸರ್ ಆರ್ಥರ್ ಪಿಯರ್ಸನ್. ಡೈಲಿ ಎಕ್ಸ್‌ಪ್ರೆಸ್ ಪತ್ರಿಕೆ ಹುಟ್ಟುಹಾಕಿದವರು ಅವರೇ. ಗ್ಲಾಕೋಮಾದಿಂದ ಅವರ ಕಣ್ಣೂ ಹೋಗಿತ್ತು. ರೀಜೆಂಟ್ಸ್ ಪಾರ್ಕಿನೊಳಗೆ ಒಂದು ದೊಡ್ಡ ಬಂಗಲೆಯಲ್ಲಿ ಸಂಸ್ಥೆ ಇತ್ತು. ಬ್ರೈಲ್, ಟೈಪಿಂಗ್, ಬುಟ್ಟಿ ಹೆಣೆಯುವುದು, ಮಸಾಜ್, ಕೋಳಿ ಸಾಕಣೆ ಎಲ್ಲ ಕಲಿಸುತ್ತಿದ್ದರು.

ನನಗೆ ಇಷ್ಟವಾಗುವುದು ಪಿಯರ್ಸನ್ ಹಿಡಿದ ದಾರಿ. ಬಂದ ಹುಡುಗರನ್ನು ಕೈಹಿಡಿದು ಕೂರಿಸಿ ಅಯ್ಯೋ ಪಾಪ ಅನ್ನುವುದು ಅವರಿಗೆ ಬೇಕಿರಲಿಲ್ಲ. ನೆಲದ ಮೇಲೆ ಲಿನೋಲಿಯಂ ಪಟ್ಟಿ ಹಾಸಿದ್ದರು. ಕಾಲಿಗೆ ಅದು ಸಿಗುವವರೆಗೆ ದಾರಿ ಸರಿ ಇದೆ ಅಂತ ಅರ್ಥ. ಆಟೋಟಕ್ಕೂ ಪಾಠದಷ್ಟೇ ಜಾಗ ಕೊಟ್ಟಿದ್ದರು. ಪಾರ್ಕಿನ ಕೆರೆಯಲ್ಲಿ ದೋಣಿ ಹುಟ್ಟು ಹಾಕುತ್ತಿದ್ದರು, ನಡಿಗೆಯ ಪಂದ್ಯ ಇಡುತ್ತಿದ್ದರು. ಕಾಣುವ ಒಬ್ಬರು ಜೊತೆಗೆ ನಡೆಯುತ್ತಿದ್ದರು. ಪಂದ್ಯ ಮಾತ್ರ ಕಾಣದವನದೇ.

ಪಿಯರ್ಸನ್ 1921ರಲ್ಲಿ ತೀರಿಕೊಂಡರು. ಆಮೇಲೆ ಅಧ್ಯಕ್ಷರಾದವರು ಇಯಾನ್ ಫ್ರೇಸರ್. 1916ರ ಸೋಮ್ ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕ ಅವರು. ಸಂಸ್ಥೆಯಲ್ಲಿ ಕಲಿತವರೇ ಅದನ್ನು ನಡೆಸಲು ಬಂದರು. ಅದು ಇವತ್ತಿಗೂ ಇದೆ, ಈಗಿನ ಹೆಸರು ಬ್ಲೈಂಡ್ ವೆಟರನ್ಸ್ ಯುಕೆ. ಒಂದು ಗುಂಪು ನೂರು ವರ್ಷ ದಾಟಬೇಕಾದರೆ ಚುಕ್ಕಾಣಿ ಯಾರ ಕೈಯಲ್ಲಿತ್ತು ಅನ್ನುವುದನ್ನು ಮೊದಲು ನೋಡಬೇಕು ಅಂತ ನನಗನ್ನಿಸುತ್ತದೆ.

ಮೈಸೂರು ಟೀಚರ್ (ನಿವೃತ್ತ)

ಕ್ರಾಯ್ಡನ್ ತಂಗಿ ಹೇಳಿದ ಕಥೆಯ ಮುಂದಿನ ಭಾಗ ನಮ್ಮ ದೇಶದಲ್ಲೇ ಇದೆ. ಎರಡನೇ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಭಾರತೀಯ ಸೈನಿಕರಿಗಾಗಿ 1943ರಲ್ಲಿ ಡೆಹ್ರಾಡೂನಿನಲ್ಲಿ ಸೇಂಟ್ ಡನ್‌ಸ್ಟನ್ಸ್ ತರಬೇತಿ ಕೇಂದ್ರ ತೆರೆದರು. ಅದನ್ನು ನಡೆಸಿದವರು ಸರ್ ಕ್ಲೂಥಾ ಮೆಕೆಂಜಿ. ನ್ಯೂಜಿಲೆಂಡಿನವರು. 1915ರಲ್ಲಿ ಟರ್ಕಿಯ ಗ್ಯಾಲಿಪೋಲಿ ಯುದ್ಧದಲ್ಲಿ ಅವರ ದೃಷ್ಟಿ ಹೋಗಿತ್ತು. ಸ್ವಾತಂತ್ರ್ಯ ಬಂದಮೇಲೆ, 1950ರಲ್ಲಿ, ಭಾರತ ಸರ್ಕಾರ ಆ ಕೇಂದ್ರವನ್ನು ವಹಿಸಿಕೊಂಡಿತು. ಇವತ್ತಿನ ರಾಷ್ಟ್ರೀಯ ದೃಷ್ಟಿ ದಿವ್ಯಾಂಗರ ಸಂಸ್ಥೆ ಬೆಳೆದದ್ದು ಅದೇ ಬೇರಿನಿಂದ. ನಮ್ಮ ಭಾಷೆಗಳಿಗೆಲ್ಲ ಒಂದೇ ಬ್ರೈಲ್ ಇರಬೇಕು ಎಂಬ ಕೆಲಸದಲ್ಲೂ ಮೆಕೆಂಜಿಯವರ ಕೈ ಇದೆ. ಇವತ್ತು ಕನ್ನಡ ಬ್ರೈಲ್ ಓದುವ ಮಗು ಅದೇ ಭಾರತೀ ಬ್ರೈಲ್ ಓದುತ್ತದೆ.

ಮೈಸೂರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ಅದಕ್ಕೂ ತುಂಬಾ ಮೊದಲು, 1901ರಲ್ಲೇ ಶುರುವಾಗಿತ್ತು. ಓದು, ಸಂಗೀತ, ಕೈಕಸುಬಿಗೆ ನಮ್ಮ ಕಡೆ ಹಳೆಯ ಪರಂಪರೆ ಇದೆ. ನಡಿಗೆಗೆ ಇಲ್ಲ. ಅದೇ ನನ್ನ ಕೊರಗು. ನಾನು ಪಾಠ ಹೇಳಿದ ಕಾಲದಲ್ಲಿ ಮಕ್ಕಳನ್ನು ಹೊರಗೆ ಕರೆದೊಯ್ಯುವುದು ಅಂದರೆ ಒಬ್ಬರ ಭುಜ ಇನ್ನೊಬ್ಬರು ಹಿಡಿದ ಸಾಲು. ಮುಂದಿನವನು ನಿಂತರೆ ಎಲ್ಲರೂ ನಿಲ್ಲಬೇಕು. ಎಲ್ಲಿಗೆ ಹೋದೆವು, ದಾರಿಯಲ್ಲಿ ಏನಿತ್ತು, ಕೊನೆಯಲ್ಲಿದ್ದ ಮಗುವಿಗೆ ಒಂದೂ ಗೊತ್ತಾಗುತ್ತಿರಲಿಲ್ಲ. ಅದನ್ನು ನಡಿಗೆ ಅಂತ ನಾನು ಕರೆಯಲಾರೆ.

ಧಾರವಾಡದ ಮೇಷ್ಟ್ರು

ಟೀಚರ್, ನಾನು ಅಂಥ ಸಾಲಿನಲ್ಲಿ ನಡೆದು ಬೆಳೆದವನು. ಹುಟ್ಟಿನಿಂದ ಕಾಣುವುದಿಲ್ಲ. ಈಗ ಕಾಲೇಜಿನಲ್ಲಿ ಇತಿಹಾಸ ಹೇಳುತ್ತೇನೆ. ನೀವು ಬರೆದದ್ದು ಅಕ್ಷರಕ್ಷರ ನಿಜ.

ಗುಂಪಿನ ಇತಿಹಾಸ ಹೇಳುವಾಗ ಕೋಲಿನ ಇತಿಹಾಸ ಬಿಡಬಾರದು ನೋಡ್ರಿ. 1921ರಲ್ಲಿ ಬ್ರಿಸ್ಟಲ್‌ನ ಫೋಟೋಗ್ರಾಫರ್ ಜೇಮ್ಸ್ ಬಿಗ್ಸ್ ಅಪಘಾತದಲ್ಲಿ ಕಣ್ಣು ಕಳೆದುಕೊಂಡರು. ಗಾಡಿಯವರಿಗೆ ಕಾಣಲಿ ಎಂದು ತಮ್ಮ ಕೋಲಿಗೆ ಬಿಳಿ ಬಣ್ಣ ಬಳಿದರು. 1931ರಲ್ಲಿ ಪ್ಯಾರಿಸಿನ ಗಿಯಿ ಡೆರ್ಬೆಮೋ ಎಂಬ ಹೆಣ್ಣುಮಗಳು ಸಾವಿರಾರು ಬಿಳಿ ಕೋಲು ಹಂಚಿಸಿದರು. ಆಗಿನ ಕೋಲು ಗಿಡ್ಡ. ಬೇರೆಯವರ ಕಣ್ಣಿಗೆ ಬೀಳಲಿಕ್ಕೆ ಸಾಕು, ನಮಗೆ ದಾರಿ ತಿಳಿಯಲು ಸಾಲದು.

ಅಸಲಿ ಬದಲಾವಣೆ ಬಂದದ್ದು 1944ರಲ್ಲಿ. ಅಮೆರಿಕದ ವ್ಯಾಲಿ ಫೋರ್ಜ್ ಸೈನಿಕ ಆಸ್ಪತ್ರೆಯಲ್ಲಿ ರಿಚರ್ಡ್ ಹೂವರ್ ಎಂಬುವರು ಎದೆಮಟ್ಟದ ಉದ್ದ, ಹಗುರ ಕೋಲು ಕೊಟ್ಟು, ಅದನ್ನು ಕಮಾನಿನಂತೆ ಎಡಕ್ಕೂ ಬಲಕ್ಕೂ ಬೀಸುವುದನ್ನು ಕಲಿಸಿದರು. ಬಲಗಾಲು ಮುಂದಿಟ್ಟಾಗ ಕೋಲು ಎಡಕ್ಕೆ, ಎಡಗಾಲು ಮುಂದಿಟ್ಟಾಗ ಬಲಕ್ಕೆ. ಮುಂದಿನ ಹೆಜ್ಜೆ ಬೀಳುವ ಜಾಗವನ್ನು ಕೋಲು ಮೊದಲೇ ಮುಟ್ಟಿ ಬಂದಿರುತ್ತದೆ. ಇವತ್ತಿಗೂ ನಾವು ನಡೆಯುವುದು ಹೀಗೆಯೇ. ಗುಂಪಿಗೆ ಬರುವವರು ಮನೆಯಿಂದ ಪಾರ್ಕಿನ ಬಾಗಿಲಿನ ತನಕ ತಾವೇ ಬರಬೇಕಲ್ಲ? ಕೋಲಿನ ತರಬೇತಿ ಇಲ್ಲದೆ ಅದು ಆಗದು.

ಬಸವನಗುಡಿ ಓದುಗ

ಸರ್, ಕೋಲು ಇದ್ದಮೇಲೆ ಗುಂಪು ಯಾಕೆ ಬೇಕು? ಒಬ್ಬರೇ ನಡೆಯಬಹುದಲ್ಲ? ತಿಳಿದುಕೊಳ್ಳಲು ಕೇಳುತ್ತಿದ್ದೇನೆ.

ಧಾರವಾಡದ ಮೇಷ್ಟ್ರು

ಒಳ್ಳೆಯ ಪ್ರಶ್ನೆ. ಕೋಲು ಹಿಡಿದು ಒಬ್ಬನೇ ರಸ್ತೆಯಲ್ಲಿ ಹೋಗುವಾಗ ನನ್ನ ತಲೆ ಪೂರ್ತಿ ಕೆಲಸದಲ್ಲಿರುತ್ತದೆ. ಚರಂಡಿ, ನಿಂತ ಬೈಕು, ಮರಳಿನ ರಾಶಿ, ತಿರುವು. ಪಕ್ಕದಲ್ಲಿ ಒಳ್ಳೆಯ ಜೊತೆಗಾರ ಇದ್ದರೆ ಆ ಭಾರ ಇಳಿಯುತ್ತದೆ. ಆಗ ಕಾಲು ಬೀಸಿ ಹಾಕಬಹುದು, ಗಾಳಿ, ವಾಸನೆ, ಹಕ್ಕಿ ಎಲ್ಲ ಒಳಗೆ ಬರುತ್ತದೆ. ಮಾತಾಡಬಹುದು. ನಿಮಗೆ ವಾಕಿಂಗಿನಲ್ಲಿ ಸುಮ್ನೆ ಸಿಗುವ ಸುಖ ನಮಗೆ ಸಿಗುವುದು ಆಗಲೇ.

ಕೋಲಿಗೆ ಇನ್ನೊಂದು ಮಿತಿಯೂ ಇದೆ. ನೆಲದ್ದನ್ನು ಅದು ಹೇಳುತ್ತದೆ, ತಲೆಮಟ್ಟದ ಕೊಂಬೆಯನ್ನು ಹೇಳುವುದಿಲ್ಲ. ನಾನು ಯಾವಾಗಲೂ ಮುಂದೆ ಅಂಚಿರುವ ಟೋಪಿ ಹಾಕಿಕೊಳ್ಳುತ್ತೇನೆ. ಕೊಂಬೆ ಮೊದಲು ಟೋಪಿಗೆ ತಾಗುತ್ತದೆ.

ಒಂಟಿಯಾಗಿ ಹೋದವರೂ ಇದ್ದಾರೆ. ಇಂಗ್ಲೆಂಡಿನ ಜೇಮ್ಸ್ ಹೋಲ್ಮನ್ (1786–1857) ನೌಕಾಪಡೆಯಲ್ಲಿದ್ದವರು, 25ನೇ ವಯಸ್ಸಿಗೆ ದೃಷ್ಟಿ ಹೋಯಿತು. ಲೋಹದ ತುದಿಯ ಕೋಲು ಕುಟ್ಟಿ, ಅದರ ಸದ್ದಿನಿಂದ ಸುತ್ತಲಿನದನ್ನು ಅಂದಾಜು ಮಾಡಿಕೊಂಡು ಜಗತ್ತು ಸುತ್ತಿದರು. ಸೈಬೀರಿಯಾಕ್ಕೆ ಹೋದರು. 1827ರಿಂದ 1832ರವರೆಗಿನ ಯಾನದಲ್ಲಿ ಭಾರತಕ್ಕೂ ಬಂದಿದ್ದರು. ಕುದುರೆಗಾಡಿಯಲ್ಲಿ ಕೂತು ಬೇಸರವಾದರೆ ಗಾಡಿಗೆ ಹಗ್ಗ ಕಟ್ಟಿ, ಅದನ್ನು ಹಿಡಿದು ಹಿಂದೆ ನಡೆಯುತ್ತಿದ್ದರಂತೆ. ಆ ಹಗ್ಗದ ಉಪಾಯವೇ ಇವತ್ತು ಓಟಗಾರರ ಕೈಯಲ್ಲಿದೆ.

ಟೋಕಿಯೋ ಕನ್ನಡಿಗ

ಜಪಾನಿನಲ್ಲಿ ನೀವು ಕೇಳಿದಂಥದ್ದೇ ಒಂದು ಗುಂಪು ಇದೆ. ಮುತ್ಸುಬೋಶಿ ಯಾಮಾ ನೋ ಕಾಯ್. ಆರು ಚುಕ್ಕೆಯ ಬ್ರೈಲ್‌ನಿಂದ ಬಂದ ಹೆಸರು. 1982ರಲ್ಲಿ ಶುರುವಾಯಿತು. ಕಾಣುವವರು, ಕಾಣದವರು ಕೂಡಿ ಬೆಟ್ಟ ಹತ್ತುವ ಸಂಘ. ಇಷ್ಟು ವರ್ಷ ನಿಂತದ್ದೇ ದೊಡ್ಡ ವಿಷಯ.

ಅವರ ವಿಧಾನ ಹೇಳುತ್ತೇನೆ, ನಂದಿಬೆಟ್ಟ, ಸ್ಕಂದಗಿರಿ ಅಂತ ಹೋಗುವ ಆಸೆ ಇದ್ದರೆ ಉಪಯೋಗಕ್ಕೆ ಬರುತ್ತದೆ. ಕಾಣದವರ ಮುಂದೆ ಒಬ್ಬರು, ಹಿಂದೆ ಒಬ್ಬರು. ಕಾಲುದಾರಿ ಕಿರಿದು, ಅಕ್ಕಪಕ್ಕ ನಡೆಯಲು ಜಾಗ ಇರುವುದಿಲ್ಲ. ಅದಕ್ಕೆ ಮುಂದಿನವರ ಬೆನ್ನಚೀಲ ಹಿಡಿದು ನಡೆಯುವುದು. ಚೀಲ ಏರಿದರೆ ದಿಬ್ಬ, ಇಳಿದರೆ ತಗ್ಗು, ವಾಲಿದರೆ ತಿರುವು, ಮಾತಿಲ್ಲದೆಯೇ ಕೈಗೆ ತಿಳಿಯುತ್ತದೆ. ಮುಂದಿನವರು ಬೇರು, ಸಡಿಲ ಕಲ್ಲು, ಮೆಟ್ಟಿಲಿನ ಎತ್ತರ ಬಾಯಲ್ಲೂ ಹೇಳುತ್ತಾರೆ. ಹಿಂದಿನವರು ಕಾಲು ಎಲ್ಲಿ ಬೀಳುತ್ತಿದೆ ಅಂತ ನೋಡಿಕೊಳ್ಳುತ್ತಾರೆ.

ಮೆಟ್ರೋ, ಫುಟ್‌ಪಾತ್‌ಗಳಲ್ಲಿ ಹಳದಿ ಉಬ್ಬು ಟೈಲ್ಸ್ ನೋಡಿರುತ್ತೀರಲ್ಲ, ಅದು ಹುಟ್ಟಿದ್ದೂ ಇಲ್ಲೇ. ಸೇಯಿಚಿ ಮಿಯಾಕೆ ಎಂಬುವರು 1965ರಲ್ಲಿ ರೂಪಿಸಿದರು. 1967ರ ಮಾರ್ಚ್ 18ರಂದು ಒಕಾಯಾಮಾ ನಗರದ ಅಂಧರ ಶಾಲೆಯ ಹತ್ತಿರ ಮೊದಲು ಹಾಕಿದರು. ಉದ್ದ ಗೆರೆ ಇದ್ದರೆ ಮುಂದೆ ಹೋಗಬಹುದು, ಗುಂಡು ಚುಕ್ಕೆ ಬಂದರೆ ನಿಲ್ಲಬೇಕು.

ಜಯನಗರದವನು

ಬೆನ್ನಚೀಲದ ವಿಷಯ ನನಗೆ ಹೊಸದು. ತುಂಬಾ ಥ್ಯಾಂಕ್ಸ್. ನಮ್ಮಲ್ಲಿ ಆ ಟೈಲ್ಸ್ ಮೇಲೆ ಸ್ಕೂಟರ್ ನಿಂತಿರುತ್ತದೆ. ಕೆಲವು ಕಡೆ ಟೈಲ್ಸ್ ನೇರ ಮರಕ್ಕೋ ವಿದ್ಯುತ್ ಕಂಬಕ್ಕೋ ಹೋಗಿ ಮುಗಿಯುತ್ತದೆ.

ನ್ಯೂ ಜೆರ್ಸಿ ಕನ್ನಡಿಗ

ನನಗೆ ಗೊತ್ತಿರುವುದು ನ್ಯೂಯಾರ್ಕಿನ ಅಕಿಲೀಸ್ ಗುಂಪು. ಡಿಕ್ ಟ್ರೌಮ್ ಎಂಬುವರು ಅಪಘಾತದಲ್ಲಿ ಕಾಲು ಕಳೆದುಕೊಂಡಿದ್ದರು. ಕೃತಕ ಕಾಲಿನಲ್ಲಿ 1976ರ ನ್ಯೂಯಾರ್ಕ್ ಮ್ಯಾರಥಾನ್ ಮುಗಿಸಿದರು. 1983ರಲ್ಲಿ ಅಕಿಲೀಸ್ ಟ್ರ್ಯಾಕ್ ಕ್ಲಬ್ ಶುರು ಮಾಡಿದರು. ಎಲ್ಲ ಥರದ ಅಂಗವೈಕಲ್ಯ ಇರುವವರೂ ಅಲ್ಲಿ ಬರುತ್ತಾರೆ. ಕಣ್ಣು ಕಾಣದವರು ಬಹಳ ಜನ. ಓಡುವವರು ಓಡುತ್ತಾರೆ, ನಡೆಯುವವರು ನಡೆಯುತ್ತಾರೆ. ಎರಡೂ ತುದಿಗೆ ಕುಣಿಕೆ ಇರುವ ಚಿಕ್ಕ ಹಗ್ಗ, ಒಂದು ತುದಿ ಇವರ ಕೈಯಲ್ಲಿ, ಇನ್ನೊಂದು ಜೊತೆಗಾರರ ಕೈಯಲ್ಲಿ. ಹಗ್ಗ ಎಳೆಯುವಂತಿಲ್ಲ. ವೇಗ ಕಾಣದವರದ್ದು.

ಸೆಂಟ್ರಲ್ ಪಾರ್ಕಿನ ಅಭ್ಯಾಸ ವಾರ ತಪ್ಪುವುದಿಲ್ಲ. ದೊಡ್ಡ ಮ್ಯಾರಥಾನ್ ವರ್ಷಕ್ಕೆ ಒಂದು ಸಲ. ಗುಂಪನ್ನು ಹಿಡಿದಿಟ್ಟದ್ದು ಆ ವಾರದ ಅಭ್ಯಾಸ ಅಂತ ನನ್ನ ಅನಿಸಿಕೆ. ನಿಮ್ಮ ಟೀ ಶರ್ಟ್ ಪ್ರಶ್ನೆಗೆ ಇದೇ ಉತ್ತರ.

ಆಸ್ಲೋ

ನಾರ್ವೆಯದ್ದು ಚಿಕ್ಕದಾಗಿ. ಎರ್ಲಿಂಗ್ ಸ್ಟೋರ್ಡಾಲ್, ಕಣ್ಣು ಕಾಣದ ಗಾಯಕ. 1964ರಲ್ಲಿ ಬೈಟೋಸ್ಟೋಲನ್ ಎಂಬಲ್ಲಿ ಕಾಣದವರ ಸ್ಕೀ ಸ್ಪರ್ಧೆ ರಿಡರ್‌ರೆನ್ನೆಟ್ ಶುರು ಮಾಡಿದರು. ಒಬ್ಬೊಬ್ಬರಿಗೆ ಒಬ್ಬ ಜೊತೆಗಾರ, ಪಕ್ಕದ ಗೆರೆಯಲ್ಲಿ ಸಾಗುತ್ತಾ ದಾರಿ ಹೇಳುತ್ತಾರೆ. ಅದನ್ನೇ ನೋಡಿ 1975ರಲ್ಲಿ ಅಮೆರಿಕದಲ್ಲಿ ಸ್ಕೀ ಫಾರ್ ಲೈಟ್ ಹುಟ್ಟಿತು. ಹಿಮ ನಮಗಿಲ್ಲ, ಆದರೆ ಒಬ್ಬರಿಗೊಬ್ಬರು ಎಂಬ ಪದ್ಧತಿ ಎಲ್ಲಿಗೂ ಒಗ್ಗುತ್ತದೆ.

ಕ್ರಾಯ್ಡನ್ ಕನ್ನಡತಿ

ಇನ್ನೊಂದು ಸೇರಿಸುತ್ತೇನೆ. ಅಮರ್ ಲತೀಫ್, ಗ್ಲಾಸ್ಗೋದಲ್ಲಿ ಬೆಳೆದವರು. ಜಯನಗರದವರಿಗಿರುವ ತೊಂದರೆಯೇ ಅವರಿಗೂ, ಹರೆಯ ದಾಟುವ ಹೊತ್ತಿಗೆ ದೃಷ್ಟಿ ಹೆಚ್ಚುಕಡಿಮೆ ಪೂರ್ತಿ ಹೋಯಿತು. ಒಬ್ಬರೇ ಪ್ರವಾಸ ಬರುತ್ತೇನೆ ಅಂದರೆ ಕಂಪನಿಗಳು ಹಿಂಜರಿಯುತ್ತಿದ್ದವು. 2004ರಲ್ಲಿ ತಾವೇ ಟ್ರಾವೆಲ್‌ಐಸ್ ಎಂಬ ಪ್ರವಾಸ ಕಂಪನಿ ಶುರು ಮಾಡಿದರು. ಕಾಣುವವರಿಗೆ ದರ ಕಡಿಮೆ, ಬದಲಿಗೆ ಕಂಡದ್ದನ್ನು ಬಾಯಲ್ಲಿ ಹೇಳಬೇಕು, ದಾರಿ ತೋರಬೇಕು. ಜೋಡಿ ದಿನಾ ಬದಲಾಗುತ್ತದೆ.

ಈ ಜೋಡಿ ಬದಲಾಯಿಸುವ ಪದ್ಧತಿ ದಯವಿಟ್ಟು ಇಟ್ಟುಕೊಳ್ಳಿ. ನಾನು ಇಲ್ಲಿ ಒಂದು ನಡಿಗೆ ಗುಂಪಿಗೆ ಜೊತೆಗಾತಿಯಾಗಿ ಹೋಗುತ್ತೇನೆ. ಒಬ್ಬರಿಗೆ ಒಬ್ಬರೇ ಖಾಯಂ ಆದರೆ, ಅವರು ಬಾರದ ದಿನ ಇವರೂ ಮನೆಯಲ್ಲೇ. ಬದಲಾಗುತ್ತಿದ್ದರೆ ಎಲ್ಲರಿಗೂ ಎಲ್ಲರ ಪರಿಚಯ.

ಬಸವನಗುಡಿ ಓದುಗ

ನನ್ನಂಥ ಕಾಣುವವರು ಬರಬಹುದಾ? ಬಂದರೆ ಕೈ ಹೇಗೆ ಹಿಡಿಯಬೇಕು?

ಮೈಸೂರು ಟೀಚರ್ (ನಿವೃತ್ತ)

ನೀವು ಹಿಡಿಯುವುದಲ್ಲ, ಅವರು ನಿಮ್ಮನ್ನು ಹಿಡಿಯಬೇಕು. ಮೊದಲು ಹೆಸರು ಹೇಳಿ, ಮೊಣಕೈ ಬೇಕೇ ಅಂತ ಕೇಳಿ. ಅವರು ನಿಮ್ಮ ಮೊಣಕೈಯ ಸ್ವಲ್ಪ ಮೇಲೆ ಹಿಡಿದು ಅರ್ಧ ಹೆಜ್ಜೆ ಹಿಂದೆ ನಡೆಯುತ್ತಾರೆ. ನಿಮ್ಮ ಮೈ ತಿರುಗಿದ್ದು, ಏರಿದ್ದು ಅವರಿಗೆ ತಾನಾಗಿ ತಿಳಿಯುತ್ತದೆ. ಕಿರಿದಾದ ಜಾಗ ಬಂದರೆ ಆ ಕೈಯನ್ನು ಬೆನ್ನ ಹಿಂದೆ ತನ್ನಿ, ಅವರು ನಿಮ್ಮ ಹಿಂದೆ ಬರುತ್ತಾರೆ. ಮೆಟ್ಟಿಲು ಬಂದರೆ ನಿಂತು, ಹತ್ತುವುದೋ ಇಳಿಯುವುದೋ ಹೇಳಿ. ಮುಗಿದಾಗಲೂ ಹೇಳಿ. ಜನ ಅದನ್ನೇ ಮರೆಯುವುದು. ಕೋಲು ಇರುವ ಕೈಯನ್ನು ಮುಟ್ಟಬೇಡಿ. ಹೇಳದೆ ಬಿಟ್ಟು ಹೋಗಬೇಡಿ. ಹೋಗಲೇಬೇಕಾದರೆ ಗೋಡೆಯೋ ಬೆಂಚೋ ಕೈಗೆ ಸಿಗುವ ಕಡೆ ನಿಲ್ಲಿಸಿ ಹೋಗಿ.

"ಅಲ್ಲಿ ನೋಡಿ", "ಈ ಕಡೆ" ಅಂದರೆ ಉಪಯೋಗವಿಲ್ಲ. "ನಿಮ್ಮ ಎಡಕ್ಕೆ, ನಾಲ್ಕು ಹೆಜ್ಜೆಯಲ್ಲಿ ಬೆಂಚು" ಅನ್ನಿ.

ಪುಣೆ ಕನ್ನಡಿಗ

ಪುಣೆಯಲ್ಲಿ ದಿವ್ಯಾಂಶು ಗಣಾತ್ರ 2014ರಲ್ಲಿ ಅಡ್ವೆಂಚರ್ಸ್ ಬಿಯಾಂಡ್ ಬ್ಯಾರಿಯರ್ಸ್ ಫೌಂಡೇಶನ್ ಕಟ್ಟಿದರು. ಗ್ಲಾಕೋಮಾದಿಂದ 19ನೇ ವಯಸ್ಸಿಗೆ ಅವರ ದೃಷ್ಟಿ ಹೋಗಿತ್ತು. ಇಬ್ಬರು ತುಳಿಯುವ ಟ್ಯಾಂಡೆಮ್ ಸೈಕಲ್ಲಿನಲ್ಲಿ ಮನಾಲಿಯಿಂದ ಲಡಾಖಿನ ಎತ್ತರದ ಕಣಿವೆದಾರಿ ಖರ್ದುಂಗ್ ಲಾವರೆಗೆ ಕಾಣುವವರು, ಕಾಣದವರು ಜೋಡಿಯಾಗಿ ಹೋಗಿದ್ದಾರೆ. ಒಂದೇ ಆಟ, ಒಂದೇ ಕಡೆ, ಎಲ್ಲರೂ ಸೇರಿ ಅನ್ನುವುದು ಅವರ ನಿಲುವು. ಕಿನ್ನೌರಿನ ಛೋಂಝಿನ್ ಅಂಗ್ಮೋ 2025ರ ಮೇ 19ರಂದು ಎವರೆಸ್ಟ್ ಹತ್ತಿದರು. ಕಣ್ಣು ಕಾಣದ ಭಾರತೀಯ ಮಹಿಳೆಯರಲ್ಲಿ ಅವರೇ ಮೊದಲಿಗರು. ಓದಿದಾಗ ಮನಸ್ಸು ಉಬ್ಬಿತು.

ಧಾರವಾಡದ ಮೇಷ್ಟ್ರು

ನನಗೂ ಉಬ್ಬಿತು. ಆ ಹೆಣ್ಣುಮಗಳಿಗೆ ನಮಸ್ಕಾರ. ಆದರೆ ಒಂದು ಮಾತು ಹೇಳಲೇಬೇಕು. ಎವರೆಸ್ಟ್ ಹತ್ತಿದವರ ಸುದ್ದಿ ಓದಿದಮೇಲೂ ನನ್ನ ವಿದ್ಯಾರ್ಥಿಯ ಅಮ್ಮ ಅವನನ್ನು ಒಬ್ಬನೇ ಹಾಲಿನಂಗಡಿಗೆ ಕಳಿಸುವುದಿಲ್ಲ. ಮಧುಮೇಹ ಇರುವ, ಐವತ್ತು ದಾಟಿದ, ದೃಷ್ಟಿ ಹೋದಮೇಲೆ ಮನೆಯಿಂದ ಹೊರಗೇ ಬಾರದ ಎಷ್ಟೋ ಜನ ಇದ್ದಾರೆ. ಅವರಿಗೆ ಬೇಕಾದದ್ದು ಶಿಖರ ಅಲ್ಲ. ವಾರಕ್ಕೊಂದು ಸಲ ಮೂರು ಕಿಲೋಮೀಟರ್, ಆಮೇಲೆ ಒಂದು ಕಾಫಿ. ಜಯನಗರದವರೇ, ನಿಮ್ಮ ಗುಂಪು ಇವರಿಗಾಗಿ ಇರಲಿ.

ಮತ್ತೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಡೆಯುವ ಕಾರ್ಯಕ್ರಮಗಳು. ಅವುಗಳ ಬಗ್ಗೆ ನನಗೆ ತಕರಾರಿದೆ. ಬಟ್ಟೆ ಕಟ್ಟಿಕೊಂಡವರಿಗೆ ಮೊದಲ ಐದು ನಿಮಿಷದಲ್ಲಿ ಸಿಗುವುದು ಭಯ. ನನ್ನ ಬದುಕು ಭಯದ್ದಲ್ಲ. ಅವರು ಮನೆಗೆ ಹೋಗುವುದು ಕನಿಕರ ಹೊತ್ತುಕೊಂಡು.

ಮೈಸೂರು ಟೀಚರ್ (ನಿವೃತ್ತ)

ಮೇಷ್ಟ್ರೇ, ಇಲ್ಲಿ ನಾನು ಪೂರ್ತಿ ಒಪ್ಪುವುದಿಲ್ಲ. ಬಟ್ಟೆ ಕಟ್ಟಿಕೊಂಡವರನ್ನು ಕಾಣದವರೇ ಕರೆದೊಯ್ಯುವ ರೀತಿಯೂ ಇದೆ. ಅಲ್ಲಿ ದಾರಿ ಬಲ್ಲವರು ಯಾರು ಅಂತ ಸರಿಯಾಗಿ ಗೊತ್ತಾಗುತ್ತದೆ. ನನ್ನ ಸಹೋದ್ಯೋಗಿಗಳಲ್ಲಿ ಕೆಲವರು ಅದಾದಮೇಲೆ ಮಕ್ಕಳ ಭುಜದ ಸಾಲು ಬಿಟ್ಟರು. ಅಷ್ಟರಮಟ್ಟಿಗೆ ಒಳ್ಳೆಯದಾಯಿತು.

ಧಾರವಾಡದ ಮೇಷ್ಟ್ರು

ಕಾಣದವರು ಮುಂದೆ ಇದ್ದರೆ ಬೇರೆ ಮಾತು, ಟೀಚರ್. ಅದಕ್ಕೆ ನನ್ನ ಅಡ್ಡಿ ಇಲ್ಲ.

ಮಲ್ಲೇಶ್ವರದ ಫಿಸಿಯೋ

ಬೆಂಗಳೂರಿನ ಬಗ್ಗೆ ಸ್ವಲ್ಪ. ಅಂಗವಿಕಲರಿಗಾಗಿ ಕೆಲಸ ಮಾಡುವ ಸಮರ್ಥನಂ ಟ್ರಸ್ಟ್ 1997ರಿಂದ ಇದೆ, ಕಟ್ಟಿದ ಮಹಾಂತೇಶ್ ಅವರೂ ಕಣ್ಣು ಕಾಣದವರೇ. ಅಂಥದ್ದೇ ಇನ್ನೊಂದು ಸಂಸ್ಥೆ ಮಿತ್ರಜ್ಯೋತಿಯನ್ನು ಕಟ್ಟಿದ ಮಧು ಸಿಂಘಾಲ್ ಅವರೂ ಹಾಗೆಯೇ. ಕೋಲಿನ ತರಬೇತಿಗೆ ಇಂಥ ಸಂಸ್ಥೆಗಳನ್ನು ಕೇಳಿ ನೋಡಿ. ಸೇಂಟ್ ಡನ್‌ಸ್ಟನ್ಸ್ ಕಥೆ ಓದಿದಮೇಲೆ ನಮ್ಮಲ್ಲೂ ಗಟ್ಟಿಯಾಗಿ ನಿಂತವು ಕಾಣದವರೇ ಕಟ್ಟಿದವು ಅಂತ ಗಮನಕ್ಕೆ ಬಂತು.

ಕಬ್ಬನ್ ಪಾರ್ಕ್ ಒಳ್ಳೆಯ ಆಯ್ಕೆ. ಭಾನುವಾರ ಒಳಗೆ ವಾಹನ ಬಿಡುವುದಿಲ್ಲ. ಮೆಟ್ರೋ ನಿಲ್ದಾಣ ಪಕ್ಕದಲ್ಲೇ. ಲಾಲ್‌ಬಾಗ್ ಬಂಡೆ ಆಮೇಲೆ ಇಟ್ಟುಕೊಳ್ಳಿ, ಇಳಿಜಾರು ಮಳೆಯಲ್ಲಿ ಜಾರುತ್ತದೆ. ಜೋಡಿ ಮಾಡುವಾಗ ಎತ್ತರ ನೋಡಿ. ತುಂಬಾ ಕುಳ್ಳಗಿರುವವರ ಮೊಣಕೈ ಎತ್ತರದವರಿಗೆ ಸಿಗುವುದಿಲ್ಲ, ಆಗ ಭುಜವೇ ಮೇಲು. ಜಯನಗರದವರ ಹಾಗೆ ಆರ್‌ಪಿ (ರೆಟಿನೈಟಿಸ್ ಪಿಗ್ಮೆಂಟೋಸಾ) ಇರುವವರಿಗೆ ನೆರಳು ಬಿಸಿಲು ಬೆರೆತ ದಾರಿ ತುಂಬಾ ಕಷ್ಟ. ಬಿಸಿಲಿನಿಂದ ನೆರಳಿಗೆ ಬಂದ ಕೂಡಲೇ ಒಂದು ಕ್ಷಣ ನಿಂತು ಮುಂದೆ ಹೋಗಿ.

ಜಯನಗರದವನು

ಅದು ನಿಜ, ಮರದ ನೆರಳಲ್ಲಿ ನನಗೆ ಹಳ್ಳ ಯಾವುದು, ನೆರಳು ಯಾವುದು ತಿಳಿಯುವುದಿಲ್ಲ. ಕೋಲು ಹಿಡಿದರೆ "ನಿಮಗೆ ಕಾಣುತ್ತಲ್ಲ, ಕೋಲು ಯಾಕೆ?" ಅನ್ನುತ್ತಾರೆ. 2016ರ ಕಾಯ್ದೆ ಸ್ಪಷ್ಟವಾಗಿದೆ. ಕಾಣುವ ಹರವು 10 ಡಿಗ್ರಿಗಿಂತ ಕಡಿಮೆ ಇದ್ದರೆ ಅದನ್ನೂ ಅಂಧತ್ವ ಅಂತಲೇ ಎಣಿಸುತ್ತದೆ. ನಮ್ಮ ಗುಂಪಿನಲ್ಲಿ ಯಾರಿಗೆ ಎಷ್ಟು ಕಾಣುತ್ತದೆ ಅಂತ ಯಾರೂ ಪರೀಕ್ಷೆ ಮಾಡುವುದಿಲ್ಲ.

ನಿಮ್ಮೆಲ್ಲರ ಮಾತು ಓದಿ ನಾವು ಗೆಳೆಯರು ಕೂತು ಹೀಗೆ ಗೊತ್ತು ಮಾಡಿದೆವು. ಪ್ರತಿ ಭಾನುವಾರ ಬೆಳಿಗ್ಗೆ 8ಕ್ಕೆ, ಕಬ್ಬನ್ ಪಾರ್ಕ್ ಮೆಟ್ರೋ ನಿಲ್ದಾಣದ ಹೊರಗೆ. ಮಳೆ ಬಂದರೂ ಸೇರುವುದು, ನಡೆಯಲಾಗದಿದ್ದರೆ ಕಾಫಿ ಕುಡಿದು ಹೋಗುವುದು. ಜೋಡಿ ಪ್ರತಿ ವಾರ ಬದಲು. ದಾರಿ, ದೂರ, ವೇಗ ನಿರ್ಧರಿಸುವವರು ಕಾಣದ ಸದಸ್ಯರು. ಹೊಸ ಜೊತೆಗಾರರಿಗೆ ಮೊದಲ ಅರ್ಧ ಗಂಟೆ ಟೀಚರ್ ಹೇಳಿದ ಪಾಠ, ಅದನ್ನು ಕಲಿಸುವವರೂ ನಾವೇ. ಕಾಫಿ ಖರ್ಚು ಎಲ್ಲರೂ ಸಮನಾಗಿ ಹಾಕಬೇಕು. ಫೋಟೋ ತೆಗೆಯುವ ಮುಂಚೆ ಪ್ರತಿಯೊಬ್ಬರನ್ನೂ ಕೇಳಬೇಕು.

ಬಸವನಗುಡಿ ಓದುಗ

ನಾನು ಬರುತ್ತೇನೆ. ನನ್ನ ತಂಗಿಯೂ ಬರುತ್ತಾಳೆ. ಹೆಂಗಸರಿಗೆ ಹೆಣ್ಣು ಜೊತೆಗಾರರೇ ಬೇಕು ಅಂದರೆ ಅದಕ್ಕೂ ಅನುಕೂಲ.

ಮೈಸೂರು ಟೀಚರ್ (ನಿವೃತ್ತ)

ಕೆಲವು ಹೆಣ್ಣುಮಕ್ಕಳು ಬಾಯಿ ಬಿಟ್ಟು ಕೇಳುವುದಿಲ್ಲ. ಸೇರಿಸಿಕೊಳ್ಳುವಾಗ ನೀವೇ ಕೇಳಿ, ಜಯನಗರದವರೇ. ಮೈಸೂರಿನಲ್ಲಿ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಾವೂ ಶುರು ಮಾಡಬೇಕು ಅಂತ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಫೋನ್ ಮಾಡಿದ್ದೇನೆ. ಇಬ್ಬರು ಒಪ್ಪಿದ್ದಾರೆ. ಮುಂದೆ ನಡೆಸುವವರು ಅವರೇ, ನಾನು ಜೊತೆಗಿರುತ್ತೇನೆ. ಮೈಸೂರಿನವರು ಯಾರಾದರೂ ಇದ್ದರೆ ಇಲ್ಲೇ ತಿಳಿಸಿ.